ಕೈಗೆ ಬಿದ್ದ ವೀಳ್ಯ

"ಒಂದೇ ವಾರದಲ್ಲಿ ದಂಡು ತುಂಬಿಸಿಬಿಟ್ಟೆ ಬುದ್ಧಿ! ಒಬ್ಬನಾದರೂ ಒಲ್ಲೆ ಅನ್ನಲಿಲ್ಲ," ಎಂದು ದಳವಾಯಿ ಜಂಪಣ್ಣ ಮೀಸೆ ತಿರುವಿದ.

ಕರಿಬಂಡೆಯ ಪಾಳೆಯಗಾರ ಓಬಳನಾಯಕನಿಗೆ ಹಿಗ್ಗೋ ಹಿಗ್ಗು. ಆಗಷ್ಟೇ ಊಟ ಮುಗಿಸಿ ಚಾವಡಿಯಲ್ಲಿ ಕೂತಿದ್ದ. ಪಕ್ಕದಲ್ಲೇ ಎಲೆಅಡಿಕೆ ಸಂಚಿ ಬಿಚ್ಚಿಕೊಂಡು ಕಾಟಯ್ಯ. ದೊರೆಗೂ ಬಂದವರಿಗೂ ಎಲೆ ಮಡಿಸಿ ಕೊಡುವುದು ಅವನ ಊಳಿಗ. ಕೈ ಚುರುಕು, ನಾಲಿಗೆ ಇನ್ನೂ ಚುರುಕು.

ಅಷ್ಟರಲ್ಲಿ ಹೊಸ ಮದುವಣಗಿತ್ತಿಯೊಬ್ಬಳು ಅಳುತ್ತ ಓಡಿಬಂದಳು. ಮೈಯ ಅರಿಶಿನ ಇನ್ನೂ ಮಾಸಿರಲಿಲ್ಲ. ಕುಂಬಾರರ ನಿಂಗಿ.

"ನನ್ನ ಗಂಡನ್ನ ಬಿಡಿಸಿಕೊಡಿ ಬುದ್ಧೀ! ನಿನ್ನೆ ನಮ್ಮ ಧಾರೆ ಆಯ್ತು. ಚಪ್ಪರದಾಗೆ ಯಾರೋ ಎಲೆಅಡಿಕೆ ಕೊಟ್ರು, ಈಸ್ಕೊಂಡ. ಕೊಟ್ಟೋನು ದಳವಾಯಿಗಳ ಬಂಟ ಅಂತೆ. 'ವೀಳ್ಯ ಹಿಡಿದೆ, ದಂಡಿಗೆ ನಡಿ' ಅಂತ ಎಳ್ಕೊಂಡು ಹೋದ್ರು!"

ಕರಿಬಂಡೆಯಲ್ಲಿ ದಂಡಿಗೆ ಸೇರಿದವನನ್ನು 'ವೀಳ್ಯ ಹಿಡಿದವ' ಅನ್ನುತ್ತಿದ್ದರು. ಹಿಡಿದು ಹಿಂದೆ ಸರಿದವನಿಗೆ ಊರಲ್ಲಿ ಯಾರೂ ನೀರು ಕೊಡುತ್ತಿರಲಿಲ್ಲ. ಜಂಪಣ್ಣ ಚಪ್ಪರ ಕಂಡಲ್ಲೆಲ್ಲ ಬಂಟರನ್ನು ನುಗ್ಗಿಸಿದ್ದ. ನನ್ನ ಕೇಳಿದರೆ, ಹೀಗೆ ಬಲೆ ಬೀಸಿ ಹಿಡಿಯುವುದು ಮೀನನ್ನು, ಬಂಟರನ್ನಲ್ಲ.

ದೊರೆಯ ಮುಖ ಸಣ್ಣಗಾಯಿತು. "ನನ್ನಜ್ಜನ ಕಾಲದ ಕಟ್ಟಳೆಯಮ್ಮ. ಹಿಡಿದ ವೀಳ್ಯ ಹಿಂದಕ್ಕೆ ಕೊಡೋ ಹಾಗಿಲ್ಲ."

ನಿಂಗಿ ಅಲ್ಲೇ ಕುಸಿದು ಕೂತಳು. ಕಾಟಯ್ಯ ಎರಡು ಎಲೆ ಮಡಿಸಿ ದೊರೆಗೊಂದು, ದಳವಾಯಿಗೊಂದು ಕೊಟ್ಟ. ಜಂಪಣ್ಣ ಅದನ್ನು ದವಡೆಗೆ ಒತ್ತಿದ.

"ದಳವಾಯಿಗಳೇ, ವೀಳ್ಯ ಹಿಡಿಯೋದು ಅಂದರೆ ಏನರ್ಥ? ನನಗೆ ಬುದ್ಧಿ ಸ್ವಲ್ಪ ಕಮ್ಮಿ," ಎಂದ ಕಾಟಯ್ಯ.

"ಕೈಗೆ ಎಲೆ ಬಿತ್ತು, ಹಿಡಿದವನು ಕೊಟ್ಟವನ ಆಳಾದ. ಅಷ್ಟೇ ಅರ್ಥ!"

"ಮದುವೆ ಮನೇಲಿ ಕೊಟ್ಟರೂ?"

"ಎಲ್ಲಿ ಕೊಟ್ಟರೂ!"

"ಯಾರು ಕೊಟ್ಟರೂ?"

"ಯಾರು ಕೊಟ್ಟರೂ! ಎಷ್ಟು ಸಲ ಹೇಳಲಿ?"

"ಸಾಕು, ತಿಳೀತು. ಹಾಗಾದರೆ ಏಳಿ," ಎಂದ ಕಾಟಯ್ಯ.

"ಎಲ್ಲಿಗೆ?"

"ನನ್ನ ಹಿತ್ತಲಿಗೆ. ಎಲೆಬಳ್ಳಿ ಒಣಗ್ತಾ ಇದೆ, ನಾಲ್ಕು ಕೊಡ ನೀರು ಹೊರಬೇಕು. ಎಷ್ಟೋ ವರ್ಷದಿಂದ ನನ್ನ ಕೈಯಿಂದ ವೀಳ್ಯ ಹಿಡೀತಿದ್ದೀರಿ. ಇವತ್ತಾದರೂ ನನ್ನ ದಂಡಿನ ಕೆಲಸ ಮಾಡಿ."

ಜಂಪಣ್ಣ ಕೆಂಡವಾದ. "ಲೋ! ಉಂಡ ಮೇಲೆ ಬಾಯಿ ರುಚಿಗೆ ಅಂತ ತಗೊಂಡೆ ಕಣೋ!"

"ಆ ಹುಡುಗನೂ ಅದಕ್ಕೇ ತಗೊಂಡಿದ್ದು."

ದೊರೆ ತನ್ನ ಕೈಯಲ್ಲಿದ್ದ ಎಲೆಯನ್ನು ನೋಡಿದ. ಬಾಯಿಗೆ ಹಾಕಲೂ ಭಯ, ಬಿಡಲೂ ಭಯ. "ಕಾಟಯ್ಯಾ... ಮತ್ತೆ ನಾನು?"

"ನೀವು ಹೊತ್ತುಹೊತ್ತಿಗೂ ಭರ್ತಿ ಆಗ್ತಿದ್ದೀರಿ ಬುದ್ಧಿ. ನಿಮಗೆ ಏನು ಕೆಲಸ ಹೇಳೋದು ಅಂತಾನೇ ನನಗೆ ಚಿಂತೆ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ನಿಂತ ಮೇಲೆ ಕೇಳಿದ: "ಹಾಗಾದರೆ ನಿಜವಾದ ಅರ್ಥ ಏನಯ್ಯಾ?"

"ನಿಮ್ಮಜ್ಜನವರ ಸಂಚಿ ಹಿಡೀತಿದ್ದವನು ನಮ್ಮಜ್ಜ. ಅವನು ಹೇಳ್ತಿದ್ದ: ದೊರೆಗಳು ವೀಳ್ಯದ ತಟ್ಟೆಯನ್ನ ಊರ ಕಟ್ಟೆ ಮೇಲೆ ಇಡಿಸಿ, ಡಂಗುರ ಹೊಡೆಸಿ, ಯಾತಕ್ಕೆ ಅಂತ ಸಾರಿಸಿ, ದೂರ ನಿಲ್ಲೋರಂತೆ. ಮನಸ್ಸಿದ್ದೋನು ತಾನೇ ಬಂದು ಎತ್ತಿಕೊಳ್ಳಬೇಕು. ಆ ಮಾತು ಹುಟ್ಟಿದ್ದು ಹಾಗೆ. ತುರುಕಿದ್ದನ್ನ ಹಿಡಿದದ್ದು ಅಂತಾರಾ ಬುದ್ಧಿ?"

"ಚಪ್ಪರದಲ್ಲಿ ಹಿಡಿದವರನ್ನೆಲ್ಲ ಈಗಲೇ ಬಿಡಿ! ನಾಳೆ ಕಟ್ಟೆ ಮೇಲೆ ತಟ್ಟೆ ಇಡಿ," ಎಂದ ದೊರೆ. ನಿಂಗಿ ನೆಲಕ್ಕೆ ಹಣೆ ಹಚ್ಚಿ, ಎದ್ದು, ಬಂದಿದ್ದಕ್ಕಿಂತ ಜೋರಾಗಿ ಓಡಿದಳು.

ದೊರೆ ತನ್ನ ಜರಿ ಶಾಲು ತೆಗೆದು, ಉಡುಗೊರೆ ಕೊಡುವ ಪದ್ಧತಿಯಂತೆ ಅದರ ಮೇಲೆ ಎಲೆಅಡಿಕೆ ಇಟ್ಟು ಕಾಟಯ್ಯನತ್ತ ಚಾಚಿದ.

ಕಾಟಯ್ಯ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಶಾಲು ಸಾಕು ಬುದ್ಧಿ. ಎಲೆ ನಿಮ್ಮ ಹತ್ತಿರವೇ ಇರಲಿ!"