ಯಜಮಾನನನ್ನು ಅರಿಯದ ಅಲಾರಂ

ಸಂತೆಯ ಗದ್ದಲದಲ್ಲಿ ಬೈಕಿನ ರಿಮೋಟ್ ಕೀಯನ್ನು ಎಲ್ಲೋ ಬೀಳಿಸಿಕೊಂಡ ಫಕ್ಕೀರೇಶ, ಓಡುತ್ತ ಗಾಡಿಯ ಬಳಿಗೆ ಬಂದ. ಹೆಂಡತಿಗೆ ಹೆರಿಗೆ ನೋವು ಶುರುವಾಗಿದೆಯೆಂದು ಮನೆಯಿಂದ ಫೋನ್ ಬಂದಿತ್ತು. ತಳ್ಳಿಕೊಂಡಾದರೂ ಮೆಕ್ಯಾನಿಕ್ ಹತ್ತಿರ ಒಯ್ಯೋಣವೆಂದು ಅವನು ಹ್ಯಾಂಡಲ್ ಹಿಡಿದದ್ದೇ ತಡ, ಅಲಾರಂ ಕಿರುಚತೊಡಗಿತು.

“ಸುಮ್ಮನಿರು,” ಎಂದಿತು ಬೈಕು. “ಇವನು ನಮ್ಮ ಯಜಮಾನ. ದಿನಾ ನನ್ನ ಮೈ ಒರೆಸುವ ಕೈ ಇದು.”

“ಕೈ, ಮುಖ ನಾನು ನೋಡುವುದಿಲ್ಲ,” ಎಂದಿತು ಅಲಾರಂ. “ರಿಮೋಟ್ ಯಾರ ಹತ್ತಿರ ಇದೆಯೋ ಅವರೇ ಯಜಮಾನರು.”

ಜನ ಸೇರಿದರು. “ಯಾರ ಗಾಡಿ ಇದು? ಯಾರಪಾ ನೀ?” ಎಂದು ಒಬ್ಬಾತ ಅವನ ತೋಳು ಹಿಡಿದ.

“ನಂದೇ ರೀ ಅಣ್ಣಾ, ಕೀ ಕಳಕೊಂಡೀನಿ. ಬಿಡ್ರಿ, ಮನ್ಯಾಗ ಹೆಂಡ್ತಿ ಬ್ಯಾನಿ ತಿನ್ನಾಕತ್ತಾಳ!” ಎಂದು ಫಕ್ಕೀರೇಶ ಕೈ ಕೊಸರಿಕೊಂಡು, ಸಿಕ್ಕ ಆಟೋ ಹತ್ತಿ ಹೋದ.

ಸ್ವಲ್ಪ ಹೊತ್ತಿಗೆ ಅಪರಿಚಿತನೊಬ್ಬ ಬಂದ. ಬಾಳೆಹಣ್ಣಿನ ಅಂಗಡಿಯ ಮುಂದೆ ಸಿಕ್ಕಿದ ರಿಮೋಟನ್ನು ಒತ್ತುತ್ತ, ಯಾವ ಬೈಕು ಓಗೊಡುತ್ತದೆಂದು ಸಾಲುದ್ದಕ್ಕೂ ಹುಡುಕುತ್ತಿದ್ದ. ಅಲಾರಂ ಮೆಲ್ಲಗೆ ಕುಂಯ್ ಎಂದು ಸ್ವಾಗತಿಸಿ ಬಾಯಿ ಮುಚ್ಚಿತು.

“ಇವನು ಕಳ್ಳ! ಕೂಗು!” ಎಂದು ಬೈಕು ಚಡಪಡಿಸಿತು.

“ಯಜಮಾನರ ಮುಂದೆ ಗಲಾಟೆ ಮಾಡಬೇಡ,” ಎಂದಿತು ಅಲಾರಂ.

ಅವನು ಬಟನ್ ಒತ್ತಿ ಗಾಡಿ ಚಾಲೂ ಮಾಡಿದ. ಅದೇ ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಊರೆಲ್ಲ ಕೇಳುವಂತೆ ಚೀರಬೇಕೆಂದು ಬೈಕಿಗೆ ಅನಿಸಿತು. ಆದರೆ ಅದರ ಮೈಯಲ್ಲಿ ಚೀರುವ ಅಧಿಕಾರ ಇದ್ದದ್ದು ಅಲಾರಮಿಗೆ ಮಾತ್ರ.