ಅವ್ವನನ್ನು ಒಂದು ರೇಡಿಯನ್ ತಿರುಗಿಸಿದ ಕಾಡಪ್ಪ

ಈ ಕತೆ ಕೇಳಿದವರು ನಗುತ್ತಾರೆ, ನಗಲಿ ಬಿಡಿ. ದ್ಯಾಮವ್ವ ಮಾತ್ರ ನಗಲಿಲ್ಲ, ಪೆದ್ದನನ್ನು ಹೆತ್ತವಳು ಅವಳೇ. ಮಗ ಕಾಡಪ್ಪನಿಗೆ ಇಪ್ಪತ್ತೆರಡು ವರ್ಷ. ಹೇಳಿದ್ದು ಹೇಳಿದ ಹಾಗೆ ಮಾಡುತ್ತಿದ್ದ, ಅದೇ ಅವನ ರೋಗ. "ನಾ ಕಣ್ಣು ಮುಚ್ಚೂದ್ರಾಗ ಯಾರರೆ ಇವಗ 'ಸರಿ ಮಾಡೀದಿ' ಅಂದ್ರ ಸಾಕು" ಎಂದು ಅವಳು ತಮ್ಮ ಫಕೀರಪ್ಪನ ಮುಂದೆ ಅತ್ತಳು. ಫಕೀರಪ್ಪನದು ಪೈಪು ಬಾಗಿಸಿ ಮೆಟ್ಟಿಲಿಗೆ ಕಂಬಿ ಮಾಡುವ ಅಂಗಡಿ.

"ಒಂದ್ ಕೆಲಸ ಸರಿ ಮಾಡ್ಲಿ ಅಕ್ಕಾ, ಕಾಯಂ ಇಟ್ಕೋತೀನಿ" ಅಂದ.

ಮೊದಲ ದಿನ ಅಳತೆಯ ಕಾಗದದ ಮೇಲೆ ತೊಂಬತ್ತು ಅಂತ ಇತ್ತು. ಕಾಡಪ್ಪ ಯಂತ್ರದ ಹಿಡಿಕೆಯನ್ನು ತೊಂಬತ್ತು ಸುತ್ತು ತಿರುಗಿಸಿದ. ಹತ್ತನೇ ಸುತ್ತಿಗೇ ಪೈಪು ಚಕ್ಕುಲಿಯಾಯಿತು. ಉಳಿದ ಎಂಬತ್ತನ್ನೂ ಬಿಡದೆ ತಿರುಗಿಸಿದ.

"ಏ ಹುಚ್ಚಾ! ಅದು ಡಿಗ್ರಿ! ಪೂರಾ ಒಂದು ಸುತ್ತಿಗೆ ಮುನ್ನೂರ ಅರವತ್ತು. ಕಾಗದದಾಗ ಏನ ಇದ್ರೂ ಡಿಗ್ರಿ ಅಂತ ತಿಳಿ!"

"ಹೂಂ ಮಾವ."

ಮರುದಿನ ಎಂಜಿನಿಯರರ ಕಾಗದ ಬಂತು. ಅದರಲ್ಲಿ ಒಂದು ಪಾಯಿಂಟ್ ಐದು ಏಳು ಅಂತ ಇತ್ತು. ಕಾಡಪ್ಪ ಒಂದೂವರೆ ಡಿಗ್ರಿ ಬಾಗಿಸಿದ. ನಲವತ್ತು ಪೈಪು, ನಲವತ್ತೂ ನೆಟ್ಟಗೆ!

"ನನ್ನ ಮನಿ ಹಾಳಾತೋ! ಅದು ರೇಡಿಯನ್ನು! ಚಕ್ರದ ನಡುವಿಂದ ಅಂಚಿಗೆ ಒಂದು ದಾರ ಹಿಡಿ. ಅದ ದಾರ ಅಂಚಿನ ಗುಂಟ ಹಾಸು. ಅಷ್ಟು ತಿರುಗಿದ್ರ ಒಂದು ರೇಡಿಯನ್. ಐವತ್ತೇಳು ಡಿಗ್ರಿ, ಮ್ಯಾಲ ಚೂರು. ಒಂದೂವರಿಗಿ ಗುಣಸು, ತೊಂಬತ್ತರ ಹತ್ರ ಬರತೈತಿ! ಇನ್ನ ಮ್ಯಾಲ ಯಾವ ಅಳತಿ ಅಂತ ಕೇಳದ ಏನೂ ತಿರುಗಸಬ್ಯಾಡ!"

"ಹೂಂ ಮಾವ."

ಆ ಸಂಜೆ ದ್ಯಾಮವ್ವ ಅಟ್ಟದ ಮೇಲಿನ ಜೋಳದ ಚೀಲ ಇಳಿಸಲು ಏಣಿ ಹತ್ತಿದ್ದಳು. ಏಣಿ ಪಕ್ಕಕ್ಕೆ ಜಾರಿತು, ಅವಳು ಅಟ್ಟದ ಅಂಚು ಹಿಡಿದು ಜೋತುಬಿದ್ದಳು.

"ಕಾಡಪ್ಪಾ! ಏಣಿ ಈ ಕಡೆ ತಿರುಗಸೋ!"

"ಯಾವ ಅಳತ್ಯಾಗವ್ವಾ? ಡಿಗ್ರೀನೋ, ರೇಡಿಯನ್ನೋ?"

ಅವಳು ಉತ್ತರ ಕೊಡುವುದರೊಳಗೆ ನೆಲದ ಮೇಲಿದ್ದಳು. ಬೆನ್ನು ಹೋಯಿತು. ಎರಡು ತಿಂಗಳು ಅಲ್ಲಾಡಬಾರದು, ಬೇರೆಯವರೇ ಮಗ್ಗುಲು ಬದಲಿಸಬೇಕು ಅಂದರು ಡಾಕ್ಟರು. ಬೇರೆಯವರು ಅಂದರೆ ಯಾರು? ಕಾಡಪ್ಪನೇ.

"ಎಷ್ಟು ಅಂತ ಕೇಳಬ್ಯಾಡೋ ನನ್ನಪ್ಪಾ, ಒಂದು ಅಂತ ಹಿಡಿ! ನಿನ್ನ ತಲಿ ಓಡಿಸಿ ಮಾಡು!" ಎಂದಳು ದ್ಯಾಮವ್ವ, ಹಲ್ಲು ಕಚ್ಚಿ.

ಕಾಡಪ್ಪ ಹುಟ್ಟಿದ ಮೇಲೆ ಮೊದಲ ಸಲ ತಲೆ ಓಡಿಸಿದ. ಒಂದು ಡಿಗ್ರಿ ತಿರುಗಿಸಿದರೆ ಅವ್ವನಿಗೆ ಗೊತ್ತೂ ಆಗುವುದಿಲ್ಲ. ಒಂದು ಪೂರಾ ಸುತ್ತು ತಿರುಗಿಸಿದರೆ ಮತ್ತೆ ಅಲ್ಲಿಗೇ ಬರುತ್ತಾಳೆ. ಹಾಗಾದರೆ ಇದು ರೇಡಿಯನ್ನೇ! ದಾರ ತಂದ. ಬೆನ್ನುಮೂಳೆಯಿಂದ ಭುಜದ ತನಕ ಅಳೆದ. ಭುಜ ಚಕ್ರದ ಅಂಚಿನ ಹಾಗೆ ಸುತ್ತುತ್ತ ಅಷ್ಟೇ ಉದ್ದ ಸರಿಯುವ ತನಕ ಅವ್ವನನ್ನು ಎತ್ತಿ, ಬೆನ್ನ ಹಿಂದೆ ಇಟ್ಟಿಗೆ ಒಟ್ಟಿದ. ಅಂಗಾತವೂ ಅಲ್ಲ, ಮಗ್ಗುಲೂ ಅಲ್ಲ, ಮುದುಕಿ ನಡುವೆ ನಿಂತಳು. ಇಟ್ಟಿಗೆಯ ಮೂಲೆ ಅವಳ ಬೆನ್ನು ಮುರಿದ ಜಾಗಕ್ಕೇ ಒತ್ತುತ್ತಿತ್ತು. ಅವಳು ಚೀರಿದ ಚೀರಾಟಕ್ಕೆ ಫಕೀರಪ್ಪ ಅಂಗಡಿಯಿಂದ ಓಡಿಬಂದ.

ಬಂದವನು ಮೊದಲು ಅಕ್ಕನನ್ನು ನೋಡಬೇಕಿತ್ತು. ಅವನು ನೋಡಿದ್ದು ಕೋನವನ್ನು. ಕಸುಬಿನ ಚಟ, ಏನು ಮಾಡುತ್ತೀರಿ? ಜೇಬಿನಿಂದ ಕೋನಮಾಪಕ ತೆಗೆದು ಅಕ್ಕನ ಬೆನ್ನಿಗೆ ಹಿಡಿದ. ಐವತ್ತೇಳು, ಮೇಲೆ ಚೂರು.

"ಅಬ್ಬಾ! ಸರಿ ಮಾಡೀಯಲ್ಲೋ ಮಗನ! ನಾಳಿಂದ ಅಂಗಡಿಗೆ ಬಾ, ನೀ ಕಾಯಂ!"

ಈ ಒಂದು ಮಾತಿಗಾಗಿ ದ್ಯಾಮವ್ವ ಕಂಡವರ ಮುಂದೆಲ್ಲ ಅತ್ತಿದ್ದಳು. ಈಗ ಕಿವಿಯಾರೆ ಕೇಳಿದಳು. ಸಂತೋಷವೇನೂ ಆಗಲಿಲ್ಲ.

"ನಿಮ್ಮ ಬಾಯಾಗ ಮಣ್ಣು ಹಾಕ! ನನ್ನ ಕೆಳಗ ಇಳಸ್ರೋ!"

ಕಾಡಪ್ಪ ದಾರ ಕೈಗೆತ್ತಿಕೊಂಡು, ತುಂಬ ಪ್ರೀತಿಯಿಂದ ಅವಳ ಮುಖದ ಹತ್ತಿರ ಬಗ್ಗಿದ.

"ಎಷ್ಟು ರೇಡಿಯನ್ನವ್ವಾ?"