ಮಲಪ್ರಭೆ ಉತ್ತರಕ್ಕೆ ತಿರುಗಿದ್ದು

ಜಗತ್ತು ಇನ್ನೂ ಹೊಸದಿತ್ತು. ಕಲ್ಲು, ನೀರು, ಗಾಳಿ ಎಲ್ಲಕ್ಕೂ ಮಾತು ಬರುತ್ತಿತ್ತು. ಮನುಷ್ಯರು ಕಲ್ಲಿನಲ್ಲಿ ಗುಡಿ ಕಟ್ಟುವುದನ್ನು ಆಗತಾನೇ ಕಲಿಯುತ್ತಿದ್ದರು. ಅಂಥ ಕಾಲದಲ್ಲಿ ಮಲಪ್ರಭೆಯ ಕಣಿವೆಯಲ್ಲಿ ಒಂದು ಗಂಭೀರ ಘಟನೆ ನಡೆಯಿತು. ಓತಿಕ್ಯಾತವೊಂದು ಬೆಳಗ್ಗೆ ಎದ್ದು ಬಂದು ನೋಡಿದರೆ, ಅದು ದಿನಾ ಬಿಸಿಲು ಕಾಯಿಸುತ್ತಿದ್ದ ಬಂಡೆ ಇರಲಿಲ್ಲ.

ಗಾಳಿ ಈ ಸುದ್ದಿಯನ್ನು ಕಣಿವೆಯ ಉದ್ದಕ್ಕೂ ಹೊತ್ತು ತಿರುಗಿತು. ಪ್ರಾಣಹಾನಿ ಆಗಿಲ್ಲವೆಂದೂ ಓತಿಕ್ಯಾತ ಸದ್ಯಕ್ಕೆ ಪಕ್ಕದ ಬಂಡೆಯಲ್ಲಿ ಆಶ್ರಯ ಪಡೆದಿದೆಯೆಂದೂ ತಿಳಿಸಿತು. ಕೇಳಿದವರೆಲ್ಲ ತಲೆಯಾಡಿಸಿ ತಮ್ಮ ತಮ್ಮ ಕೆಲಸಕ್ಕೆ ಹೋದರು.

ನದಿ ಮಾತ್ರ ಕೇಳಿದಳು: “ಯಾವ ಬಂಡಿಗಲ್ಲು?”

“ಕೆಂಪು ಗುಡ್ಡದ್ದು ಯವ್ವಾ,” ಅಂದಿತು ಗಾಳಿ. “ಮೈತುಂಬ ಗೆರಿ ಇದ್ದದ್ದು.”



ಆ ಗುಡ್ಡ ಮಲಪ್ರಭೆಯ ಮಗ. ಬಹಳ ಹಿಂದೆ, ಅಲ್ಲಿ ಗುಡ್ಡವೇ ಇಲ್ಲದಾಗ, ಅವಳು ದೂರದಿಂದ ಕೆಂಪು ಮರಳನ್ನು ಮಡಿಲಲ್ಲಿ ಹೊತ್ತು ತಂದಿದ್ದಳು. ಪದರದ ಮೇಲೆ ಪದರ ಹಾಸಿ, ಅಲೆಗಳಿಂದ ಮೆಲ್ಲಗೆ ತಟ್ಟಿ ಮಲಗಿಸಿದ್ದಳು. ತಟ್ಟಿದಳು, ತಟ್ಟಿದಳು, ತಟ್ಟುತ್ತಲೇ ಇದ್ದಳು. ಮರಳು ಗಟ್ಟಿಯಾಗಿ ಕಲ್ಲಾಯಿತು. ಕಲ್ಲು ಬೆಳೆದು ಗುಡ್ಡವಾಯಿತು. ತಾಯಿ ತಟ್ಟಿದ ಗೆರೆಗಳು ಮಾತ್ರ ಅಳಿಯಲಿಲ್ಲ.

“ಅವನನ್ನ ಯಾರು ಒಯ್ದ್ರು?”

“ಕಲ್ಲುಕುಟಿಗ ಸಿಂಗೋಜ. ದಿನಾ ನಿನ್ನ ಹತ್ರ ನೀರಿಗೆ ಬರ್ತಾಳಲ್ಲ ಮಾಕವ್ವ, ಆಕಿ ಗಂಡ. ಗುಡಿ ಕಟ್ಟಾಕ ಒಯ್ದಾನ.”

“ಅಷ್ಟ್ ದೊಡ್ಡ ಬಂಡಿ ಹೆಂಗ ಒಡದ್ರು?”

“ಸಾಲಾಗಿ ತೂತು ಕೊರದ್ರು. ಅದರಾಗ ಒಣ ಕಟಿಗಿ ಬೆಣಿ ಬಡದ್ರು. ಬೆಣಿ ಮ್ಯಾಲೆ ನೀರು ಹೊಯ್ದ್ರು. ಕಟಿಗಿ ಉಬ್ಬಿತು, ಬಂಡಿ ಬಿರೀತು.”

“ಯಾರ ನೀರು?”

ಗಾಳಿಗೆ ಬೇರೆ ಕಡೆ ತುರ್ತು ಕೆಲಸ ನೆನಪಾಯಿತು.

ನದಿಗೂ ನೆನಪಾಯಿತು. ಹಿಂದಿನ ದಿನ ಮಾಕವ್ವ ಕೊಡ ಹಿಡಿದು ಮೇಲಿಂದ ಮೇಲೆ ಬಂದಿದ್ದಳು. “ಎಷ್ಟ್ ಸಲ ಬಂದೆವ್ವಾ? ಮನಿಗೆ ಬೀಗರು ಬಂದಾರೇನು?” ಎಂದು ನದಿ ಚೇಷ್ಟೆ ಮಾಡಿದ್ದಳು. ಮಾಕವ್ವ ನಕ್ಕಿದ್ದಳು. ನದಿ ಪ್ರತಿ ಸಲವೂ ಕೊಡವನ್ನು ಕಂಠದವರೆಗೆ ತುಂಬಿಸಿ ಕಳಿಸಿದ್ದಳು.

ಅಲ್ಲಿಯವರೆಗೆ ಮಲಪ್ರಭೆ ನೇರ ಪೂರ್ವಕ್ಕೆ ಹರಿಯುತ್ತಿದ್ದಳು. ಆ ದಿನ ದಾರಿ ಬಿಟ್ಟಳು. ಉತ್ತರಕ್ಕೆ ತಿರುಗಿ, ಹೊಲಗಳನ್ನು ಸೀಳಿಕೊಂಡು, ಅರ್ಧ ಕಟ್ಟಿದ ಗುಡಿಯ ಮೆಟ್ಟಿಲಿಗೆ ಬಂದಳು. ಕೆಲಸದವರು ಉಳಿ ಬಿಟ್ಟು ದಿಬ್ಬ ಹತ್ತಿದರು. ಮಾಕವ್ವ ಮೆಟ್ಟಿಲ ಮೇಲೆ ನಿಂತಳು. ಸಿಂಗೋಜ ಅವಳ ಹಿಂದೆ ನಿಂತ.

“ನನ್ನ ಮಗನ್ನ ಕೇಳದನ ಒಡದೀರಿ,” ಅಂದಳು ನದಿ. “ಈ ಗುಡಿ ಉಳಿಯೂದಿಲ್ಲ. ಅವನನ್ನ ಮತ್ತ ಮರಳು ಮಾಡಿ ಒಯ್ತೀನಿ.”

“ಕೇಳೀವಿ ಯವ್ವಾ,” ಅಂದ ಸಿಂಗೋಜ. “ನಮ್ಮ ಪದ್ಧತಿ ಐತಿ. ಮೊದಲ ಸುತ್ತಿಗಿಲೆ ತಟ್ಟಿ ಕೇಳ್ತೀವಿ. ಧಬ್ ಅಂದ್ರ ಒಲ್ಲೆ ಅಂದಂಗ, ಮುಟ್ಟೂದಿಲ್ಲ. ಠಣ್ ಅಂದ್ರ ಹೂಂ ಅಂದಂಗ. ನಿನ್ನ ಮಗ ಠಣ್ ಅಂದ.”

“ಅವ ಇನ್ನೂ ಸಣ್ಣಾವ. ಯಾರು ಕೇಳಿದ್ರೂ ಹೂಂ ಅಂತಾನ.”

ಸಣ್ಣವನಿಗೆ ಅಲ್ಲಿದ್ದ ಎಲ್ಲರ ಮುತ್ತಜ್ಜಂದಿರಿಗಿಂತಲೂ ಹೆಚ್ಚು ವಯಸ್ಸಾಗಿತ್ತು. ಯಾರೂ ಅದನ್ನು ಎತ್ತಿ ಆಡಲಿಲ್ಲ.

“ಕಲ್ಲನ್ನ ಕೇಳಿದ್ರಿ. ನನ್ನ ಕೇಳಿದ್ರೇನು? ಬಂಡಿ ಒಡದದ್ದು ನನ್ನ ನೀರು. ನನ್ನ ಕೈಲೇ ನನ್ನ ಮಗನ್ನ ಒಡಸಿದ್ರಿ.”

ನೀರನ್ನು ಕೇಳುವುದು ಪದ್ಧತಿಯಲ್ಲಿ ಇರಲಿಲ್ಲ. ನೀರು ಇನ್ನೊಂದು ಮೆಟ್ಟಿಲು ಏರಿತು.

ಮಾಕವ್ವ ಮಂಡಿಯೂರಿ ಕುಳಿತಳು. “ತಪ್ಪಾತು ಯವ್ವಾ. ನೀ ಬೀಗರು ಬಂದಾರೇನು ಅಂದಾಗ ನಾ ಹೇಳಬೇಕಿತ್ತು. ಮುಳುಗಿಸೂದಿದ್ರ ಮುಳುಗಿಸು. ಮೊದಲ ಒಮ್ಮೆ ಅವನನ್ನ ಮಾತಾಡ್ಸು.”

ಗುಡಿಯ ಬಾಗಿಲಲ್ಲಿ ಆ ಬೆಳಗ್ಗೆಯಷ್ಟೇ ನಿಲ್ಲಿಸಿದ ಒಂದು ಕೆಂಪು ಕಲ್ಲು ಇತ್ತು. ಮೈತುಂಬ ಗೆರೆ. ನದಿ ಒಂದು ಸಣ್ಣ ಅಲೆ ಚಾಚಿ ಅದನ್ನು ಮುಟ್ಟಿದಳು. ಗೆರೆಗಳ ಮೇಲೆ ಅಲೆ ಸರಿಯಾಗಿ ಕೂತಿತು.

“ಅವ್ವಾ,” ಅಂದಿತು ಕಲ್ಲು. “ನಾ ನಿಂತೀನಿ, ನೋಡು.”

“ನೋವಾತೇನೋ?”

“ಆತು.” ಕಲ್ಲಿಗೆ ಸುಳ್ಳು ಹೇಳಲು ಬರುವುದಿಲ್ಲ. “ಆದ್ರ ಮಲಗಿ ಮಲಗಿ ಬ್ಯಾಸರಾಗಿತ್ತು. ಈಗ ಬಂದಾವ್ರೆಲ್ಲ ನನ್ನ ಮ್ಯಾಲೆ ಕೈ ಊರಿ ಒಳಗ ಹೋಗ್ತಾರ. ಮರಳು ಮಾಡಬ್ಯಾಡ ಯವ್ವಾ. ಮತ್ತ ಮೊದಲಿಂದ ಮಲಗಬೇಕಾಕ್ಕತಿ.”

ನದಿ ಬಹಳ ಹೊತ್ತು ಆ ಕಲ್ಲನ್ನು ತಟ್ಟುತ್ತಿದ್ದಳು.

“ಈ ಗೆರಿ ಹಿಂಗ ಇರ್ತಾವೇನು?” ಎಂದು ಕೊನೆಗೆ ಕೇಳಿದಳು.

“ನಾಳೆ ಉಳಿಯಿಂದ ಸಾಪು ಮಾಡಬೇಕಂತ...” ಎಂದು ಸಿಂಗೋಜ ಶುರು ಮಾಡಿದ. ಮಾಕವ್ವ ತಿರುಗಿ ನೋಡಿದಳು. “...ಇದ್ದೆ, ಮಾಡೂದಿಲ್ಲ,” ಎಂದು ಮುಗಿಸಿದ.

ನೀರು ಇಳಿಯಿತು. ಮೆಟ್ಟಿಲುಗಳು ಒಂದೊಂದಾಗಿ ಹೊರಗೆ ಬಂದವು. ಆದರೆ ನದಿ ಹಳೆಯ ದಾರಿಗೆ ಮರಳಲಿಲ್ಲ. ಸಿಟ್ಟಿನಿಂದ ತುಳಿದ ದಾರಿಯಲ್ಲೇ ಉಳಿದಳು. ನದಿಗೆ ಒಂದೆಡೆ ನಿಲ್ಲಲು ಬರುವುದಿಲ್ಲ. ಮಗನನ್ನು ಆದಷ್ಟು ಹೊತ್ತು ನೋಡುತ್ತ ಹೋಗಲು ಬರುತ್ತದೆ.

ಅಂದಿನಿಂದ ಕಲ್ಲುಕುಟಿಗರು ಬೆಣೆಗೆ ನೀರು ಹೊಯ್ಯುವ ಮೊದಲು ನದಿಯನ್ನೂ ಕೇಳತೊಡಗಿದರು. ನದಿ ಕೆಲವು ಸಲ ಹೂಂ ಅಂದಳು, ಕೆಲವು ಸಲ ಒಲ್ಲೆ ಅಂದಳು. ಅದಕ್ಕೇ ಆ ಗುಡ್ಡದ ಕೆಲವು ಬಂಡೆಗಳಲ್ಲಿ ಸಾಲು ತೂತುಗಳಿವೆ, ಬಂಡೆ ಒಡೆದಿಲ್ಲ.

ನೀನು ಪಟ್ಟದಕಲ್ಲಿಗೆ ಹೋದಾಗ ನೋಡು. ಮಲಪ್ರಭೆ ಗುಡಿಗಳ ಪಕ್ಕದಲ್ಲಿ ಉತ್ತರಕ್ಕೆ ಹರಿಯುತ್ತಾಳೆ. ಆಮೇಲೆ ತಿರುಗಿ ಕೃಷ್ಣೆಯ ಕಡೆಗೆ ಹೋಗುತ್ತಾಳೆ. ಓತಿಕ್ಯಾತ ಈಗ ಗುಡಿಯ ಗೋಡೆಯ ಮೇಲೆ ಬಿಸಿಲು ಕಾಯಿಸುತ್ತದೆ.